ಮೈದಾನದ ಅಂಚಿನ ಚಾಲಕ

ಬಸ್ಸಿನಲ್ಲಿ ಅವನನ್ನು ಬಲ್ಲವರು ಅವನಿಗಿಟ್ಟ ಹೆಸರು ಮೌನಿ. ಸ್ಟಿಯರಿಂಗ್ ಹಿಡಿದನೆಂದರೆ ಅವನ ಬಾಯಿಗೆ ಬೀಗ. ಉಳಿದವರ ಬಾಯಿಗೂ ಬೀಗವಿರಬೇಕೆಂಬುದು ಅವನ ಹಠ. ‘ಚಾಲಕನೊಂದಿಗೆ ಮಾತನಾಡಬೇಡಿ’ ಎಂದು ತಲೆಯ ಮೇಲಿದ್ದ ಅಕ್ಷರಗಳು ಮಾಸಿದಾಗ, ಡಿಪೋದವರನ್ನು ಕಾಯದೆ ತಾನೇ ಕುಂಚ ಹಿಡಿದು ಕೆಂಪು ಬಣ್ಣದಲ್ಲಿ ತಿದ್ದಿದ್ದ. ಮುಂದಿನ ಸೀಟಿನ ಹಿರಿಯರೊಬ್ಬರು ಬಸ್ಸನ್ನು ತುಸು ಎಡಕ್ಕೆ ತೆಗೆದುಕೊಳ್ಳಬಹುದಿತ್ತೆಂದು ಗೊಣಗಿದರೆ, ಕನ್ನಡಿಯಲ್ಲಿ ಒಂದು ನೋಟ ಬೀರುತ್ತಿದ್ದ. ಹಿರಿಯರು ತಾವಾಗಿಯೇ ಎದ್ದು ಹಿಂದಿನ ಸೀಟಿಗೆ ಹೋಗುತ್ತಿದ್ದರು. ಹೀಗೆ ದೇವರ ದಯೆ ಮತ್ತು ಪರರ ಮೌನ, ಇವೆರಡರ ಬಲದಿಂದ ಅವನ ಬಸ್ಸು ಇಷ್ಟು ವರ್ಷಗಳಲ್ಲಿ ಒಂದು ನಾಯಿಮರಿಗೂ ತಾಗಿರಲಿಲ್ಲ.

ಈ ಸಾಧುಪುರುಷನ ದರ್ಶನವಾಗಬೇಕಾದರೆ ಕೆಲಸದ ದಿನ ಹೋಗಬೇಕಿತ್ತು. ರಜೆಯ ದಿನ ಮಗಳ ಫುಟ್‌ಬಾಲ್ ಪಂದ್ಯಕ್ಕೆ ಹೋದರೆ, ಅವನದೇ ಅಂಗಿ ತೊಟ್ಟು ಇನ್ನಾರೋ ನಿಂತಿರುತ್ತಿದ್ದರು. ಮಗಳಿಗಿನ್ನೂ ಹನ್ನೆರಡು, ತಂಡದಲ್ಲಿ ಅವಳಷ್ಟು ಜೋರಾಗಿ ಓಡುವವರಿರಲಿಲ್ಲ. ಅವಳ ಕಾಲಿಗೆ ಚೆಂಡು ತಾಗಿದ್ದೇ ತಡ, ತಂದೆಯ ಗಂಟಲಿನಲ್ಲಿ ಡ್ರೈವಿಂಗ್ ಶಾಲೆಯೊಂದು ತೆರೆದುಕೊಳ್ಳುತ್ತಿತ್ತು. ಎಡಕ್ಕೆ ತಿರುಗು, ಸೈಡ್ ಕೊಡಬೇಡ, ಈಗ ಬ್ರೇಕು, ಈಗ ಹೊರಡು. ನಡುನಡುವೆ ಬಿಡುವು ಸಿಕ್ಕರೆ ರೆಫರಿಯ ದೃಷ್ಟಿಯ ಬಗ್ಗೆ, ಎದುರು ತಂಡದ ಹುಡುಗಿಯರ ನಿಜವಾದ ವಯಸ್ಸಿನ ಬಗ್ಗೆ, ಅವರನ್ನು ಹೆತ್ತವರ ಸಂಸ್ಕಾರದ ಬಗ್ಗೆ ತನಗಿದ್ದ ಅಪಾರ ಜ್ಞಾನವನ್ನು ಯಾರೂ ಕೇಳದೆಯೇ ಧಾರೆಯೆರೆಯುತ್ತಿದ್ದ. ಮನೆಗೆ ಬಂದು ದೇವರೆದುರು ಕೈಜೋಡಿಸಿದಾಗ ಅವನು ಮೊದಲು ಬೇಡುತ್ತಿದ್ದುದು ಮಗಳಿಗೆ ವಿನಯ ಕೊಡು ಎಂದು. ಕರುಣಾಮಯನು ಅದನ್ನು ಅವಳಿಗೆ ಧಾರಾಳವಾಗಿಯೇ ಕೊಟ್ಟಿದ್ದ. ಬೇಡಿಕೆಯ ವಿಳಾಸವಷ್ಟೇ ತಪ್ಪಿತ್ತು.

ತಂಡದ ಕೋಚ್, ಹಗಲೆಲ್ಲ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಸಂಜೆ ಮಕ್ಕಳಿಗೆ ಆಟ ಕಲಿಸುವ ಹೆಂಗಸು, ಒಮ್ಮೆ ಅವನನ್ನು ಪಕ್ಕಕ್ಕೆ ಕರೆದು, ಹುಡುಗಿ ಪ್ರತಿ ಸಲ ಚೆಂಡು ಒದೆಯುವ ಮುಂಚೆ ನಿಮ್ಮತ್ತ ನೋಡುತ್ತಾಳೆ ಎಂದಳು. ಅದು ದೂರು. ಅವನು ಅದನ್ನು ಹೊಗಳಿಕೆಯೆಂದು ತಿಳಿದು ಡಿಪೋದ ತುಂಬ ಹಂಚಿದ. ಹೆಂಡತಿಗೆ ಹೇಳಿದಾಗ ಮಾತ್ರ ಅಷ್ಟು ಮರ್ಯಾದೆ ಸಿಗಲಿಲ್ಲ.

“ರೀ, ಬಸ್ಸಲ್ಲಿ ಬರೆದಿರೋದನ್ನ ಮೈದಾನದಲ್ಲೂ ಸ್ವಲ್ಪ ಓದ್ಕೊಳ್ಳಿ,” ಎಂದಳು ಅವಳು.

“ಅದು ಬೇರೆ ಕಣೇ. ಬಸ್ಸಲ್ಲಿ ಜನರ ಜೀವ ಇರುತ್ತೆ.”

“ಹೌದೌದು. ಇಲ್ಲಿರೋದು ಬರೀ ಮಗಳು.”

ಸೆಮಿಫೈನಲ್ ಹತ್ತಿರವಾಗುವ ಹೊತ್ತಿಗೆ ಗಂಟಲು ಕೈಕೊಟ್ಟಿತು. ಇನ್ನೊಬ್ಬನಾಗಿದ್ದರೆ ಇದನ್ನು ಮೇಲಿನವನ ಸೂಚನೆಯೆಂದು ತಿಳಿಯುತ್ತಿದ್ದ. ಮೌನಿ ಹೆಂಡತಿಯ ತಮ್ಮನನ್ನು ಕರೆಸಿದ. ಮೌನಿಯ ಬಸ್ಸಿಗೆ ಕಂಡಕ್ಟರ್ ಈ ಭಾವಮೈದುನನೇ. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಬಸ್ಸೇ ಕೇಳುವಾಗ ಮಗಳು ಕೇಳಳೇ? ಮನೆಯ ಹಿಂದಿನ ಖಾಲಿ ಜಾಗದಲ್ಲಿ ದಿನವೂ ಅಭ್ಯಾಸ ನಡೆಯಿತು. ಅಪ್ಪ ಕಣ್ಸನ್ನೆ ಮಾಡುವನು, ಮಾವ ಊದುವನು, ಹುಡುಗಿ ನಿಲ್ಲುವಳು, ಹೊರಡುವಳು.

“ಅಪ್ಪ, ರೆಫರಿನೂ ಸೀಟಿ ಊದ್ತಾರಲ್ಲ?” ಎಂದು ಅವಳು ಒಮ್ಮೆ ಕೇಳಿದಳು.

“ರೆಫರಿ ಸೀಟಿ ಬೇರೆ, ಮಾವನ ಸೀಟಿ ಬೇರೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಇಬ್ಬರು ಅನುಭವಸ್ಥರು ಸೇರಿ ಮಾಡಿದ ಯೋಜನೆಯಲ್ಲಿ ಮಗುವೊಂದು ಹುಳುಕು ಹುಡುಕಿದರೆ ಯಾರು ತಾನೇ ಕಿವಿಗೊಟ್ಟಾರು?

ಪಂದ್ಯ ಪಕ್ಕದ ಊರಿನಲ್ಲಿತ್ತು. ತಂಡಕ್ಕೆಂದು ಗೊತ್ತುಮಾಡಿದ ಬಸ್ಸನ್ನು ಮೌನಿಯೇ ನಡೆಸಿಕೊಂಡು ಹೋದ; ಭಾವಮೈದುನನೂ ಸೀಟಿಯೊಡನೆ ಜೊತೆಗಿದ್ದ. ಕೊನೆಯ ಗಳಿಗೆಯವರೆಗೆ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಮಗಳ ಕಾಲಿಗೆ ಚೆಂಡು ಸಿಕ್ಕಿತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಗೆಳತಿಯರಿನ್ನೂ ಹಿಂದಿದ್ದಾರೆ, ತುಸು ಕಾದು ಹೊಡೆಯಲಿ ಎಂದು ತಂದೆಗೆ ತೋಚಿತು. ಕಣ್ಸನ್ನೆ ಮಾಡಿದ. ಬಸ್ ನಿಲ್ದಾಣದ ಗದ್ದಲವನ್ನೇ ಸೀಳಬಲ್ಲ ಸೀಟಿ ಒಮ್ಮೆ ಮೊಳಗಿತು.

ಮಗಳು ನಿಂತಳು. ಅವಳ ತಂಡವೂ ನಿಂತಿತು, ಎದುರಿನ ತಂಡವೂ ನಿಂತಿತು. ಕೀಪರ್ ಮುಂದೆ ಬಂದು, ವಾರಸುದಾರರಿಲ್ಲದ ಚೆಂಡನ್ನು ಎತ್ತಿಕೊಂಡಳು. ಊದದೇ ಇದ್ದ ರೆಫರಿ ತನ್ನ ಸೀಟಿಯನ್ನು ತಿರುಗಿಸಿ ನೋಡಿಕೊಂಡ. ಹೊರಗಿನವರ ಅಡ್ಡಿಯೆಂದು ಆಟ ನಿಲ್ಲಿಸಿ, ಚೆಂಡನ್ನು ಕೀಪರಿಗೇ ಕೊಟ್ಟು ಮತ್ತೆ ಆರಂಭಿಸಿದ. ಮಗಳು ತಬ್ಬಿಬ್ಬಾಗಿ ಅಲ್ಲೇ ನಿಂತಿದ್ದಾಗ ಎದುರಿನವರು ಗೋಲು ಹೊಡೆದು ಗೆದ್ದರು. ಮೌನಿಗೆ ಕಳೆದುಹೋಗಿದ್ದ ಗಂಟಲು ಆ ಕ್ಷಣವೇ ಮರಳಿತು. ರೆಫರಿಯ ಕಿವಿಯೂ ಸರಿಯಿಲ್ಲವೆಂದು ಘೋಷಿಸಿದ. ಕೋಚ್ ನೀರಿನ ಬಾಟಲಿಯನ್ನು ನೆಲಕ್ಕೆ ಬಡಿದು, ನಿನಗೇನು ಬುದ್ಧಿಯಿಲ್ಲವೇ ಎಂದು ಹುಡುಗಿಯನ್ನು ಎಲ್ಲರೆದುರು ಗದರಿದಳು. ದೊಡ್ಡವರೆಲ್ಲ ಹೀಗೆ ತಂತಮ್ಮ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಮಗಳು ಕಟ್ಟಕಡೆಯ ಸೀಟಿನಲ್ಲಿ ಕೂತಿದ್ದಳು. ದಾರಿಯಲ್ಲಿ ಎದ್ದು ಬಂದು ಬೂಟುಗಳನ್ನು ಕೋಚ್‌ನ ಪಕ್ಕದಲ್ಲಿಟ್ಟು, “ಇನ್ಮೇಲೆ ನಾನು ಆಡಲ್ಲ ಮೇಡಂ,” ಎಂದು ಹೇಳಿ ಹೋದಳು. ಅಳಲಿಲ್ಲ. ಮೌನಿ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದ. ಓಟವೆಂದರೆ ಪ್ರಾಣಬಿಡುವ ಕೂಸು. ಬೂಟುಗಳನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದವಳು.

ಕೋಚ್ ಬೂಟುಗಳನ್ನು ಕೈಗೆತ್ತಿಕೊಂಡಳು. ಆಮೇಲೆ ಎದ್ದು, ಕಂಬಿ ಹಿಡಿದುಕೊಂಡು ಹಿಂದಕ್ಕೆ ಹೋಗಿ, ಎಲ್ಲ ಮಕ್ಕಳಿಗೂ ಕೇಳುವಂತೆ, “ತಪ್ಪು ನಂದು ಪುಟ್ಟಿ. ನಿಂಗೆ ಹಾಗನ್ನಬಾರದಿತ್ತು. ಬಾಟ್ಲಿ ಎಸೆದಿದ್ದೂ ತಪ್ಪು,” ಎಂದಳು.

ದೊಡ್ಡವರೊಬ್ಬರು ಚಿಕ್ಕವರಲ್ಲಿ ಕ್ಷಮೆ ಬೇಡುವುದನ್ನು ಮೌನಿ ಅಲ್ಲಿಯವರೆಗೆ ಕೇಳಿರಲಿಲ್ಲ. ಪ್ರಾರ್ಥನೆಯಲ್ಲಿ ದಿನವೂ ಬಾಯಿತುಂಬ ಹೇಳುತ್ತಿದ್ದ ‘ಕ್ಷಮಿಸು’ ಎಂಬ ಪದ, ಎದುರಿಗೆ ಮನುಷ್ಯರನ್ನು ನಿಲ್ಲಿಸಿಕೊಂಡು ಹೇಳುವಂಥದ್ದೂ ಹೌದೆಂಬುದು ಅವನಿಗೆ ಹೊಸ ಸುದ್ದಿ. ಸ್ವಲ್ಪ ದೂರ ಹೋಗಿ, ನಿಲ್ದಾಣವಿಲ್ಲದ ಕಡೆ ಬಸ್ಸನ್ನು ಬದಿಗೆ ನಿಲ್ಲಿಸಿದ. ಟೈರ್ ಪಂಕ್ಚರ್ ಆಯಿತೇ ಎಂದು ಭಾವಮೈದುನ ಕೆಳಗಿಳಿದು ನೋಡತೊಡಗಿದ.

ಹಿಂದಿನ ಸೀಟಿನವರೆಗೆ ನಡೆದು ಹೋಗುವುದು ಮೌನಿಗೆ ಘಾಟಿ ಹತ್ತಿದಷ್ಟು ಕಷ್ಟವಾಯಿತು. ಮೊದಲು ರೆಫರಿಯ ಬಗ್ಗೆ ಏನೋ ಹೇಳಹೊರಟ. ಹುಡುಗಿ ಕಿಟಕಿಯತ್ತ ತಿರುಗಿದಳು. ಅಲ್ಲಿಗೆ ಆ ವಾಕ್ಯ ಸತ್ತಿತು.

“ಸೀಟಿ ಊದು ಅಂದಿದ್ದು ನಾನು,” ಎಂದ. “ನೀನು ಸರಿಯಾಗೇ ಓಡ್ತಿದ್ದೆ. ಕೆಡಿಸಿದ್ದು ನಾನು. ತಪ್ಪಾಯ್ತಮ್ಮ.”

ಅವಳು ತಕ್ಷಣ ತಿರುಗಲಿಲ್ಲ. ಮಕ್ಕಳ ಹೃದಯ ಮೃದುವೆಂದು ಹೇಳುವವರು ಆ ನಿಮಿಷ ಆ ಸೀಟಿನ ಬಳಿ ನಿಂತಿರಬೇಕಿತ್ತು.

“ನೀನು ಕೂಗ್ತಿದ್ರೆ ನಂಗೆ ಚೆಂಡೇ ಕಾಣಲ್ಲ ಅಪ್ಪ. ನೀನೇ ಕಾಣ್ತೀಯ,” ಎಂದಳು ಕೊನೆಗೆ.

“ಹಾಗಾದ್ರೆ ಬರ್ಲೇಬಾರದಾ?”

“ಬಾ. ಆದ್ರೆ ಆ ಕಡೆಯವರ ಅಪ್ಪ ಅಮ್ಮಂದಿರ ಜೊತೆ ಕೂತ್ಕೋ. ಅವರ ಮಕ್ಕಳು ಗೋಲು ಹೊಡೆದ್ರೂ ಚಪ್ಪಾಳೆ ತಟ್ಟಬೇಕು. ಮಾವ ಸೀಟಿಯನ್ನ ಡಿಪೋದಲ್ಲೇ ಇಟ್ಟು ಬರ್ಲಿ.”

ಕೋಚ್ ಬೂಟುಗಳನ್ನು ಅವಳ ಕಾಲ ಬಳಿ ಇಟ್ಟು ಹೋದಳು. ಹುಡುಗಿ ಅವುಗಳನ್ನು ಮುಟ್ಟಲಿಲ್ಲ. ದೂರ ತಳ್ಳಲೂ ಇಲ್ಲ.

ಮೂರನೆಯ ಸ್ಥಾನಕ್ಕಾಗಿ ನಡೆದ ಮುಂದಿನ ಪಂದ್ಯದಲ್ಲಿ ಅವಳು ಆಡಿದಳು. ಮೌನಿ ಎದುರು ಬದಿಯ ಬೆಂಚಿನಲ್ಲಿ, ತಾನು ಹಿಂದೆ ಸಂಸ್ಕಾರದ ಪಾಠ ಹೇಳಿದ್ದ ಅದೇ ತಂದೆತಾಯಿಯರ ನಡುವೆ ಕೂತ. ಅವರು ಅವನಿಗೆ ಜಾಗ ಬಿಟ್ಟು, ಕುಡಿಯಲು ಚಹಾ ಕೊಟ್ಟರು; ಅದಕ್ಕಿಂತ ಘೋರವಾದ ಶಿಕ್ಷೆ ಅವನಿಗೆ ಬೇಕಿರಲಿಲ್ಲ. ಎದುರು ತಂಡ ಗೋಲು ಹೊಡೆದಾಗ ಮಾತಿನಂತೆ ಎರಡು ಕೈಗಳನ್ನು ಒಂದಕ್ಕೊಂದು ತಾಗಿಸಿದ. ಸದ್ದು ಬಂತೆಂದು ಪ್ರಮಾಣ ಮಾಡಿ ಹೇಳಲಾಗದು. ಮಗಳಿಗೆ ಚೆಂಡು ಸಿಕ್ಕಾಗಲೆಲ್ಲ ಅವನ ಬಲಗಾಲು ತಾನಾಗಿ ಬ್ರೇಕು ಒತ್ತಿ ಒತ್ತಿ, ಬೆಂಚಿನ ಕೆಳಗೆ ಸಣ್ಣದೊಂದು ಗುಂಡಿಯಾಯಿತು.

ಅವಳು ಎರಡು ಸಲ ಗುರಿ ತಪ್ಪಿದಳು. ಒಮ್ಮೆಯೂ ಅವನತ್ತ ತಿರುಗಿ ನೋಡಲಿಲ್ಲ. ಪಂದ್ಯ ಮುಗಿಯುವವರೆಗೂ ಅವನು ಆ ಒಂದು ನೋಟಕ್ಕಾಗಿಯೇ ಕಾಯುತ್ತ, ಅದು ಬಾರದಿರಲೆಂದು ದೇವರಲ್ಲಿ ಬೇಡುತ್ತ ಕೂತಿದ್ದ.