ಪುಟ್ಟಿನ ಕೊಳವೆಯಲ್ಲಿ ಬಂದ ಅಣಬೆ ಬೀಜ

ಏಪ್ರಿಲ್ ತಿಂಗಳ ಒಂದು ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದೆ. ಮೂರನೆಯ ದರ್ಜೆ, ಕಿಟಕಿಯ ಪಕ್ಕದ ಜಾಗ. ತಿರುವನಂತಪುರದ ಸರಕಾರಿ ಪ್ರಯೋಗಶಾಲೆಯಲ್ಲಿ ಬೈಹುಲ್ಲಿನ ಮೇಲೆ ಅಣಬೆ ಬೆಳೆಸುತ್ತಾರೆ, ಕೇಳಿದವರಿಗೆ ಬೀಜವನ್ನೂ ಕೊಡುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ನಾನು ಅಕ್ಷರ ಕಲಿತದ್ದೇ ಮೂವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಅದಕ್ಕೋ ಏನೋ, ಅಚ್ಚಾದ ಮಾತನ್ನು ಬೇಗ ನಂಬುತ್ತೇನೆ.

ಹೋಗಲೇಬೇಕಾದ ಕಾರಣ ಮನೆಯಲ್ಲಿತ್ತು. ಚಳಿಗಾಲದಲ್ಲಿ ನನ್ನ ಹೆಂಡತಿ ಸುನಂದೆಗೆ ನ್ಯುಮೋನಿಯಾ ಆಗಿ, ಪೆನಿಸಿಲಿನ್ ಚುಚ್ಚುಮದ್ದಿನಿಂದ ಬದುಕಿ ಉಳಿದಿದ್ದಳು. ಜ್ವರ ಹೋಯಿತು, ಹಸಿವು ಬರಲಿಲ್ಲ. ಮೀನು, ಮೊಟ್ಟೆ ಅವಳು ಮುಟ್ಟುವವಳಲ್ಲ. ಗಂಜಿ ಎರಡು ತುತ್ತು ತಿಂದು ಬಟ್ಟಲನ್ನು ಆಚೆ ತಳ್ಳುತ್ತಿದ್ದಳು. ಒಂದು ದಿನ ಅವಳಾಗಿಯೇ, "ಅಣಬೆ ಗಸಿ ಆದರೆ ತಿನ್ನಬಹುದಿತ್ತು" ಎಂದಳು. ತೆಂಗಿನಕಾಯಿ ಅರೆದು ಮಾಡುವ ಗಟ್ಟಿ ಸಾರು ಗಸಿ. ಆದರೆ ನಮ್ಮಲ್ಲಿ ಅಣಬೆ ಏಳುವುದು ಮಳೆ ಹಿಡಿದ ಮೇಲೆ. ಮಳೆಗೆ ಇನ್ನೂ ಎರಡು ತಿಂಗಳಿತ್ತು.

ಶೊರನೂರಿನಲ್ಲಿ ಗಾಡಿ ಬದಲಾಯಿಸಿದೆ. ಎಡಪ್ಪಳ್ಳಿ ದಾಟುವಾಗ ಅಂಗಿಗೆ ಅಂಟಿದ ಕಲ್ಲಿದ್ದಲ ಪುಡಿ ಕೊಡವಿಕೊಂಡು ಎದ್ದು ನಿಂತೆ. ಎರ್ನಾಕುಳಂನಲ್ಲಿ ಇಳಿದು, ಬಸ್ಸಿನಲ್ಲಿ ತ್ರಿಪ್ಪುಣಿತ್ತುರಕ್ಕೆ ಹೋದೆ. ಅಲ್ಲಿ ಸುನಂದೆಯ ಅಕ್ಕನ ಮನೆ. ಭಾವನಿಗೆ ಕೊಚ್ಚಿ ಬಂದರಿನ ಕಚೇರಿಯಲ್ಲಿ ಕೆಲಸ.

"ತಿರುವನಂತಪುರ ನಮ್ಮ ರಾಜಧಾನಿ ಆದ ಮೇಲೆ ಊರಿನವರು ಎಷ್ಟೋ ಜನ ಈ ದಾರಿಯಲ್ಲಿ ಹೋದ್ರು," ಎಂದರು ಭಾವ. "ಜಾಗದ ತಕರಾರಿಗೆ ಹೋದ್ರು, ವರ್ಗಾವಣೆಗೆ ಹೋದ್ರು. ಅಣಬೆಗೆ ಹೋಗುವವರು ನೀವೇ ಮೊದಲು ಮಾರಾಯ್ರೆ!"

"ನೀವು ನಗ್ಬೇಡಿ," ಎಂದು ಅಕ್ಕ ಗದರಿದರು. "ತಂಗಿಯ ಹೊಟ್ಟೆಗೆ ಒಂದು ಹಿಡಿ ಹೋದ್ರೆ ಸಾಕು."

ಬೆಳಿಗ್ಗೆ ಅಕ್ಕ ಬಿದಿರಿನ ಕೊಳವೆಯಲ್ಲಿ ಪುಟ್ಟು ಬೇಯಿಸಿ, ಕಡಲೆ ಪಲ್ಯದ ಜೊತೆ ಬಡಿಸಿದರು. ಅಕ್ಕಿಹಿಟ್ಟು, ತೆಂಗಿನತುರಿ ಪದರ ಪದರವಾಗಿ ಕೊಳವೆಯಿಂದ ಇಡಿಯಾಗಿ ಜಾರಿ ಬಂತು. ತಿಂದು ಹೊಸ ರೈಲು ದಾರಿಯಲ್ಲಿ ತೆಂಕಲಿಗೆ ಹೊರಟೆ. ಆ ರಾತ್ರಿ ತಿರುವನಂತಪುರದ ಚಾಲೈ ಪೇಟೆಯ ಒಂದು ಮಾಳಿಗೆಯಲ್ಲಿ ಮಲಗಿದೆ. ಕೆಳಗಿನ ಮಂಡಿಯ ಒಣಮೆಣಸಿನ ಘಾಟಿಗೆ ಸೀನಿ ಸೀನಿ ನಿದ್ದೆಯೇ ಬರಲಿಲ್ಲ. ನಿಜ ಹೇಳಬೇಕೆಂದರೆ, ಮೆಣಸಿಲ್ಲದಿದ್ದರೂ ಬರುತ್ತಿರಲಿಲ್ಲ.

ಪ್ರಯೋಗಶಾಲೆಯಲ್ಲಿ ಕನ್ನಡಕ ಹಾಕಿದ, ಬಿಳಿ ಸೀರೆಯ ಒಬ್ಬ ವಿಜ್ಞಾನಿ ಇದ್ದರು. ನನ್ನ ಹರಕು ಮಲಯಾಳಕ್ಕೆ ಹೊಂದಿಕೊಂಡು ನಿಧಾನವಾಗಿ ಮಾತಾಡಿದರು. ತಾಳೆಗರಿಯ ಚಪ್ಪರದಡಿ, ನೆನೆಸಿದ ಹುಲ್ಲಿನ ಕಟ್ಟುಗಳನ್ನು ಅಡ್ಡಡ್ಡ ಪೇರಿಸಿ ಗೋಣಿ ಹೊದಿಸಿದ್ದರು. ಒಂದು ಗೋಣಿ ಎತ್ತಿದರು. ಹುಲ್ಲಿನ ಸಂದಿಯಿಂದ ಬೂದು ಬಣ್ಣದ ಮೊಟ್ಟೆಗಳು ಸಾಲಾಗಿ ಇಣುಕುತ್ತಿದ್ದವು! ಹೊರಗೆ ಸುಡುವ ಬಿಸಿಲು, ಒಳಗೆ ಅಣಬೆ. "ಅಯ್ಯೋ ದೇವರೇ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವರಿಗೆ ಅರ್ಥವಾಯಿತು, ನಕ್ಕರು.

"ನೀವು ಅಣಬೆ ಅನ್ನುವುದು ಬರೀ ಹಣ್ಣು. ಮರ ಇಲ್ಲಿದೆ," ಎಂದು ಹುಲ್ಲು ಬಿಡಿಸಿ, ಒಳಗೆ ಹಬ್ಬಿದ ಬಿಳಿ ನೂಲು ತೋರಿಸಿದರು. "ಇದು ಹುಲ್ಲು ತಿನ್ನುತ್ತದೆ. ನೀವು ಇದರ ಹಣ್ಣು ತಿನ್ನುತ್ತೀರಿ. ಉಳಿದದ್ದು ಗದ್ದೆಗೆ ಗೊಬ್ಬರ. ಈ ಜಾತಿಯೇ ಇಲ್ಲದಿದ್ದರೆ ಕಾಡು ತನ್ನ ತರಗೆಲೆಯಲ್ಲೇ ಹೂತುಹೋಗುತ್ತಿತ್ತು." ಬಾಳೆಯ ಒಣ ಎಲೆ, ತೆಂಗಿನ ನಾರಿನ ಪುಡಿ, ಹೀಗೆ ನಾವು ಸುಡುವ ಕಸವನ್ನೆಲ್ಲ ಬೇರೆ ಬೇರೆ ಮಡಿಗಳಲ್ಲಿ ಹಾಕಿ ನೋಡುತ್ತಿದ್ದರು.

ಸುನಂದೆಯ ಕಾಯಿಲೆಯ ಕಥೆ ಹೇಳಿದೆ. "ಪೆನಿಸಿಲಿನ್ ಎಲ್ಲಿಂದ ಬಂತು ಗೊತ್ತೇ? ಅದೂ ಒಂದು ಬೂಷ್ಟಿನಿಂದಲೇ," ಎಂದರು. ಅವಳ ಪ್ರಾಣ ಉಳಿಸಿದ್ದು ಇದರ ದಾಯಾದಿ!

ಹೊರಡುವಾಗ ಅಗಲ ಬಾಯಿಯ ಗಾಜಿನ ಬಾಟಲಿಯೊಂದನ್ನು, ಅರಳೆಯ ಬಿರಡೆ ಹಾಕಿ ಕೊಟ್ಟರು. ಒಳಗೆ ತುಂಡು ಹುಲ್ಲು, ಅದರ ತುಂಬ ಬಿಳಿ ನೂಲು. "ಬಿಳಿಯಾಗಿದ್ದರೆ ಜೀವ ಇದೆ. ಹಸಿರು ಕಂಡರೆ ಎಸೆಯಿರಿ. ಮುಟ್ಟುವ ಕೈ, ತಾಗುವ ಪಾತ್ರೆ ಎಲ್ಲ ಕುದಿನೀರಲ್ಲಿ ತೊಳೆದದ್ದಾಗಿರಬೇಕು."

ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡೇ ತ್ರಿಪ್ಪುಣಿತ್ತುರಕ್ಕೆ ವಾಪಸಾದೆ. ಅಕ್ಕ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ತಂಪಾಗಿರಲಿ ಎಂದು ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ಭಾವನೊಂದಿಗೆ ಬಂದರು ನೋಡಲು ಹೋದೆ. ಸಂಜೆ ಬಂದು ನೋಡಿದರೆ ಮೂಲೆ ಖಾಲಿ.

"ಅಕ್ಕ, ಇಲ್ಲಿದ್ದ ಬಾಟ್ಲಿ?"

"ಎಂತ ಬಾಟ್ಲಿ ಅದು! ಬೂಷ್ಟು ಹಿಡಿದ ಹುಲ್ಲು ಅಡುಗೆಮನೆಯಲ್ಲಿ ಇಡುವುದಾ? ಹುಲ್ಲನ್ನು ಹಿತ್ತಿಲಿಗೆ ಬಿಸಾಡಿ, ತೊಳೆಯುವ ಅಂತ ಖಾಲಿ ಬಾಟ್ಲಿಗೆ ಕುದಿನೀರು ಹೊಯ್ದೆ. ಟಪ್ಪಂತ ಒಡೀತು ನೋಡಿ."

"ಅದೇ ಬೀಜ, ಅಕ್ಕ."

ಅಕ್ಕ ಹಾಗೆಯೇ ಮಣೆಯ ಮೇಲೆ ಕುಳಿತರು. "ಬೀಜ ಅಂದ್ರೆ ಕಾಳಿನ ಹಾಗೆ ಇರ್ತದೆ ಅಂತ ಗ್ರಹಿಸಿದ್ದೆ. ತಂಗಿಗೆ ಅಂತ ತಂದದ್ದು…" ಎನ್ನುತ್ತಲೇ ಎದ್ದು ಹಿತ್ತಿಲಿಗೆ ಓಡಿದರು. ನಾನೂ ಓಡಿದೆ.

ಬಾಳೆಯ ಬುಡದಲ್ಲಿ, ಉದುರಿದ ಎಲೆಯೊಂದರ ಮೇಲೆ ಅದು ಬಿದ್ದಿತ್ತು, ಬಾಟಲಿಯ ಆಕಾರದಲ್ಲೇ, ಇಡಿಯಾಗಿ! ಬಿಳಿ ನೂಲು ಹುಲ್ಲನ್ನು ಅಷ್ಟು ಗಟ್ಟಿಯಾಗಿ ಹಿಡಿದಿತ್ತು.

"ಥೇಟ್ ಪುಟ್ಟು," ಎಂದರು ಭಾವ.

ಅಕ್ಕ ಭಾವನ ಮುಖ ನೋಡಿದರು. ಒಳಗೆ ಹೋಗಿ ಪುಟ್ಟಿನ ಕೊಳವೆ ತೆಗೆದು, ಹಂಡೆಯಲ್ಲಿ ಮುಳುಗಿಸಿ ಕುದಿಸಿದರು. ಚಾಕು ಕುದಿಸಿದರು. ನನ್ನ ಕೈಯನ್ನೂ ಬೇಯಿಸುವುದೊಂದು ಬಾಕಿ. ಇರುವೆ ಮುತ್ತಿದ ಹೊರಪದರ ಕೆತ್ತಿ ತೆಗೆದು, ಉಳಿದದ್ದನ್ನು ಆರಿದ ಕೊಳವೆಯೊಳಗೆ ಇಳಿಸಿ, ಬಾಯಿಗೆ ಹೊಸ ಅರಳೆ ತುರುಕಿದರು.

"ನಾಳೆಯಿಂದ ನಮಗೆ ಪುಟ್ಟು?" ಎಂದರು ಭಾವ.

"ಬಾಯಿ ಮುಚ್ಚಿ, ಗಂಜಿ ಕುಡೀರಿ."

ಊರಿಗೆ ಮರಳುವ ರೈಲಿನಲ್ಲಿ ಎದುರಿಗಿದ್ದ ಮುದುಕರೊಬ್ಬರು ಕೊಳವೆ ನೋಡಿ ಆಸೆಯಿಂದ "ಪುಟ್ಟಾಣೋ?" ಎಂದು ಕೇಳಿದರು. ಅಲ್ಲ, ಕೂಣ್, ಅಣಬೆ ಎಂದೆ. ಹುಲ್ಲಿನ ಮೇಲೆ ಬೆಳೆಯುವ ಬಗೆಯನ್ನು ಕಣ್ಣೂರಿನವರೆಗೆ ಬಿಡದೆ ವಿವರಿಸಿದೆ. ಕಣ್ಣೂರಿನಲ್ಲಿ ಅವರು ಇಳಿದರು. ಅವರ ಊರು ಅದೇ ಇರಬೇಕು.

ದಾರಿಯುದ್ದಕ್ಕೂ ಅರಳೆ ತೆಗೆದು ನೋಡುವ ಧೈರ್ಯ ಬರಲಿಲ್ಲ. ಮನೆ ತಲುಪಿದಾಗ ಸುನಂದೆ ಜಗಲಿಯಲ್ಲಿ ಹೊದ್ದು ಕುಳಿತಿದ್ದಳು. ಅಕ್ಕನ ಕೊಳವೆಯ ಗುರುತು ಅವಳಿಗೆ ಸಿಕ್ಕಿತು. ನಡೆದದ್ದೆಲ್ಲ ಹೇಳಿ, ಕೈ ತೊಳೆದು ಬಂದು, ಉಸಿರು ಹಿಡಿದು ಅರಳೆ ಎಳೆದೆ. ಕೆತ್ತಿದ ಕಡೆಯಲ್ಲೆಲ್ಲ ಹೊಸ ನೂಲು ಹಬ್ಬಿತ್ತು. ಹಸಿರು ಒಂದು ಚುಕ್ಕೆಯೂ ಇರಲಿಲ್ಲ. ಬಿಳಿ, ಹಾಲಿನಂಥ ಬಿಳಿ.

ಸುನಂದೆ ಬಗ್ಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಮಳೆ ಬಂದ ಹಾಗೆ ಉಂಟು," ಎಂದಳು.

"ಹುಲ್ಲು ಇವತ್ತೇ ನೆನೆ ಹಾಕ್ತೇನೆ. ಆದ್ರೆ ಏಳ್ಲಿಕ್ಕೆ ಎರಡು ವಾರ ಬೇಕು."

"ಬೇಕಾಗ್ಲಿ," ಎಂದು ಹೊದಿಕೆ ಸರಿಸಿ ಎದ್ದಳು. "ನೀವು ಗಸಿಗೆ ತೆಂಗಿನಕಾಯಿ ಒಂದು ಸುಲಿದಿಡಿ."