ಏಕಾಂತಯ್ಯನವರ ಕಣ್ಣಿಗೆ ಬೀಳದ ಹಸಿರುಕಾಯಿ

ಹಾನುಬಾಳಿನ ಹತ್ತಿರ ಶ್ರೀನಾಥರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಏಕಾಂತಯ್ಯನವರಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣನ್ನು ಚಿಕ್ಕಂದಿನಲ್ಲೇ ಬಿದಿರುಮುಳ್ಳು ತಿಂದಿತ್ತು. ಉಳಿದ ಬಲಗಣ್ಣು ಮಾತ್ರ ನಾಲ್ಕು ಜನರ ಕಣ್ಣಿನಷ್ಟು ಕಾಟ ಕೊಡುತ್ತಿತ್ತು. ಕೆಂಪು ಕಾಫಿಹಣ್ಣಿನ ಬುಟ್ಟಿಯಲ್ಲಿ ಒಂದೇ ಒಂದು ಹಸಿರುಕಾಯಿ ಕಂಡರೂ ಸಾಕು, ಎತ್ತಿ ಹಿಡಿದು ಇಡೀ ಕೂಲಿ ಲೈನಿಗೆ ಕೇಳುವಂತೆ ಬಯ್ಯುತ್ತಿದ್ದರು. ತೂಕ ಹೆಚ್ಚಿಸಲು ಬುಟ್ಟಿಯಲ್ಲಿ ಕಾಯಿ ಬಚ್ಚಿಡುವುದರಲ್ಲಿ ಹಣ್ಣು ಕುಯ್ಯುವ ಲಿಂಗಮ್ಮನದು ಎತ್ತಿದ ಕೈ. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಅದೇ ಜಟಾಪಟಿ.

ತೊಂಬತ್ತೆಂಟರ ಆಷಾಢದಲ್ಲಿ ಆ ಕಣ್ಣಿಗೂ ಕಪ್ಪು ಪರದೆ ಇಳಿಯಿತು. ಬೆಂಗಳೂರಿನ ಡಾಕ್ಟರು ಆಪರೇಷನ್ ಮಾಡಿ, ಕಣ್ಣಿನ ಹಿಂಬದಿಯಿಂದ ಕಳಚಿದ್ದ ರೆಟಿನಾವನ್ನು ಮತ್ತೆ ಅಂಟಿಸಿ, ಅದನ್ನು ಒತ್ತಿ ಹಿಡಿಯಲು ಒಳಗೊಂದು ಗಾಳಿಗುಳ್ಳೆ ಬಿಟ್ಟರು. ಹತ್ತು ದಿನ ಮುಖ ಕೆಳಗೆ ಹಾಕಿಕೊಂಡೇ ಇರಬೇಕಂತೆ! ಯಾರಿಗೂ ತಲೆ ತಗ್ಗಿಸದ ಮನುಷ್ಯ ತಂಗಿಯ ಮನೆಯಲ್ಲಿ ನೆಲ ನೋಡುತ್ತಲೇ ಮುದ್ದೆ ನುಂಗಿದರು. ಸುದ್ದಿ ಕೇಳಿ ಲೈನಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೆಳಕು ಹಿಡಿಯೋ ಜೀವಕೋಶಗಳು ಆಹಾರ ಸಿಗದೆ ಸೊರಗಿವೆ. ತುದಿ ಉದುರಿದೆ, ಬುಡ ಸತ್ತಿಲ್ಲ. ಹೊಸ ತುದಿ ಬೆಳೆಯುತ್ತೆ, ಆದರೆ ನಿಧಾನ. ಗೆರೆ ಸೊಟ್ಟ ಕಾಣಬಹುದು, ಬಣ್ಣ ಮಂಕಾಗಬಹುದು. ಪೂರ್ತಿ ಬರುತ್ತೆ ಅಂತ ಮಾತು ಕೊಡಲಾರೆ" ಎಂದರು ಡಾಕ್ಟರು.

"ಕವಾತು ಮಾಡಿದ ಗಿಡ ಚಿಗುರಬೇಕು ಅನ್ನಿ" ಎಂದರು ಏಕಾಂತಯ್ಯ.

ಶ್ರೀನಾಥರು ಅಷ್ಟು ಕಾಯುವವರಲ್ಲ. "ಈ ಕುಯ್ಲು ಮುಗಿಯೋತನಕ ನೋಡೋಣ. ಆಗದಿದ್ರೆ ಬೇರೆ ರೈಟರ್ ಬರ್ತಾನೆ" ಎಂದುಬಿಟ್ಟರು.

ಡಿಸೆಂಬರಿಗೆ ಪುಸ್ತಕದ ಸೊಟ್ಟ ಗೆರೆಗಳು ನೆಟ್ಟಗಾದವು. ಎಲೆಯ ಹಸಿರೂ ಮರಳಿತು. ಆದರೆ ಎಲೆಯ ಹಸಿರು ಅಂಗೈಯಗಲ, ಕಾಯಿಯ ಹಸಿರು ಕಡಲೆಯಷ್ಟು. ದಿನಾ ಸಂಜೆ ಬುಟ್ಟಿಗಳ ಮೇಲೆ ಬಗ್ಗುತ್ತಿದ್ದರು, ಒಂದು ಕಾಯಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕೈಹಾಕಿ ಒತ್ತಿ ನೋಡಿದರೆ ಗುಟ್ಟು ರಟ್ಟಾಗುತ್ತದೆಂಬ ಭಯ ಬೇರೆ. "ಏನ್ರೇ ಇದು, ಬರೀ ಕಾಯಿ!" ಎಂದು ಗಾಳಿಗೆ ಬಯ್ಯುತ್ತಿದ್ದರು. ಹೆಂಗಸರು ತುಟಿ ಕಚ್ಚಿಕೊಂಡು ತಲೆ ಬಗ್ಗಿಸುತ್ತಿದ್ದರು.

ಕುಯ್ಲಿನ ಕೊನೆಯ ವಾರ ಅವರ ಧೈರ್ಯ ಉಡುಗಿತು. "ಲಿಂಗಮ್ಮ, ಈ ಕಣ್ಣು ಬರಲಿಲ್ಲ ಕಣಮ್ಮ. ತಿಂಗಳಿಂದ ಒಂದು ಕಾಯೂ ಕಂಡಿಲ್ಲ. ನಾಳೆ ಸಾವ್ಕಾರ್ರಿಗೆ ಹೇಳ್ಬುಡ್ತೀನಿ."

ಲಿಂಗಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಇದ್ರೆ ತಾನೆ ಕಾಣಾದು! ನಿಮ್ ಕೆಲ್ಸ ಹೋಗ್ಬುಡ್ತದೆ ಅಂತ ನಾವೆಲ್ಲ ಬರೀ ಹಣ್ಣೇ ಆರಿಸಿ ಕುಯ್ತಾ ಇದೀವಿ ಕಣ್ರೀ. ಬೆರಳು ಸವ್ದು ಹೋಗೈತೆ!"

ಪಕ್ಕದ ಗಿಡದಿಂದ ಒಂದು ಹಸಿರುಕಾಯಿ ಕಿತ್ತು, ಅವರಿಗೆ ಬೆನ್ನು ಮಾಡಿ, ಬುಟ್ಟಿಯಲ್ಲಿ ಕಲೆಸಿ ಮುಂದಿಟ್ಟಳು. ಏಕಾಂತಯ್ಯ ಬಗ್ಗಿದರು. ಕೈ ನೆಟ್ಟಗೆ ಹೋಗಿ ಆ ಕಾಯನ್ನೇ ಹಿಡಿಯಿತು. ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಮಾರನೆಯ ಸಂಜೆ ಲಿಂಗಮ್ಮನ ಬುಟ್ಟಿಯಲ್ಲಿ ಎರಡು ಹಿಡಿ ಹಸಿರುಕಾಯಿ ಸಿಕ್ಕಿತು. ಏಕಾಂತಯ್ಯ ಬಯ್ದ ಬೈಗುಳ ಬಂಗಲೆಯಲ್ಲಿದ್ದ ಶ್ರೀನಾಥರಿಗೂ ಕೇಳಿಸಿತು. ಬೇರೆ ರೈಟರ್ ಬರಲಿಲ್ಲ.