ಕಲ್ಲುಗಿಡಕ್ಕೊಂದು ಒಣ ಮನೆ

ಮೊನ್ನೆ ನಮ್ಮ ಬಾಲ್ಕನಿಯಲ್ಲಿ ಒಂದು ಕಲ್ಲು ಕೊಳೆಯಿತು.

ನಗಬೇಡಿ. ಅದು ಕಲ್ಲಿನಂತೆಯೇ ಕಾಣುವ ಗಿಡ. ಆಫ್ರಿಕಾದ ಮರುಭೂಮಿಯದು. ಕೂಕಟ್‌ಪಲ್ಲಿಯ ನಮ್ಮ ಕೆಳಗಿನ ಫ್ಲಾಟಿನ ದೇಶಪಾಂಡೆಯವರು ಯಾರ್ಯಾರನ್ನೋ ಕಾಡಿ ಬೇಡಿ ತರಿಸಿದ್ದು. ಒಂದು ಕುಂಡದಲ್ಲಿ ಎರಡು. ತಂಗಿಯ ಮಗಳ ಮದುವೆಯ ಓಡಾಟಕ್ಕೆಂದು ಗುಲ್ಬರ್ಗಾಕ್ಕೆ ಹೊರಟಾಗ ಕುಂಡವನ್ನು ನನ್ನ ಕೈಗಿಟ್ಟರು.

"ನೀವು ಬಾಟನಿ ಎಂ.ಎಸ್ಸಿ. ಅದೀರಿ, ನಿಮ್ಮ ಮ್ಯಾಲೆ ಭರೋಸಾ ಐತಿ. ಈ ವರ್ಷ ಹೂ ಬಿಡೂದೈತಿ. ನಾ ಬರೋತನಕಾ ಒಂದ್ ಹನಿ ನೀರೂ ಬ್ಯಾಡ್ರಿ."

ಏನೂ ಮಾಡದಿರುವುದೇ ಆರೈಕೆ! ಒಂದು ಕಡೆ ಕೂರಲಾಗದ ನನಗೆ ಇದಕ್ಕಿಂತ ಶಿಕ್ಷೆ ಬೇಕೆ? ಹೋಗಿ ಬಂದು ಮಣ್ಣು ಮುಟ್ಟಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಮಣ್ಣು ಒದ್ದೆ!

ನಾನೇ ನೀರು ಹಾಕಿ ಮರೆತೆನೆ? ದೇವರಿಗೂ ಪುರಾವೆ ಕೇಳುವವನು ನಾನು. ನನ್ನ ನೆನಪಿಗೆ ಮಾತ್ರ ಪುರಾವೆ ಸಿಗುವುದಿಲ್ಲ. (ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡ ಹಳೆಯ ಪುಸ್ತಕದೊಳಗೆ ನನ್ನದೇ ಸಹಿ ಇತ್ತು.) ಮಣ್ಣು ಮತ್ತೆ ಒದ್ದೆಯಾಯಿತು. ಮತ್ತೆ ನನ್ನ ಮೇಲೇ ಅನುಮಾನ.

ಕೊನೆಗೆ ನಲ್ಲಿ ಬಂದ ಒಂದು ಬೆಳಿಗ್ಗೆ ಗುಟ್ಟು ಬಯಲಾಯಿತು. ನಮ್ಮಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಹೊಸ ನೀರು ಬಂತೆಂದರೆ ಕೊಡದಲ್ಲಿ ಉಳಿದದ್ದು 'ಹಳೇದು'. ಕುಡಿಯಲು ಬಾರದು, ಮೋರಿಗೆ ಚೆಲ್ಲಲು ಮನಸ್ಸಾಗದು. ನನ್ನ ಹೆಂಡತಿ ಅದನ್ನು ಸಾಲಾಗಿ ಕುಂಡಗಳಿಗೆ ಸುರಿಯುತ್ತಿದ್ದಳು. ಕಲ್ಲುಗಿಡಕ್ಕೂ!

"ಏನ್ ಮಾಡಾಕತ್ತೀ? ಅದು ಮರುಭೂಮಿ ಗಿಡ!"

"ಅಯ್ಯ, ಹಂಗಾರ ಪಾಪ, ಎಷ್ಟ್ ವರ್ಷದಿಂದ ನೀರಡಿಸಿತ್ತೋ ಏನೋ!"

ಅಷ್ಟರಲ್ಲಿ ಒಂದು ಗಿಡ ಬೆಂದ ಬಟಾಟೆಯಂತೆ ಮೆತ್ತಗಾಗಿತ್ತು.

ದೇಶಪಾಂಡೆ ಬಂದರು. ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನಿಟ್ಟುಸಿರಿಟ್ಟರು.

"ಮೊದಲ ಮೂರಿದ್ವುರಿ. ನಮ್ಮಾಕಿನೂ ಹಳೇ ನೀರ ಹಾಕೇ ಒಂದ್ ಮುಗಿಸಿದ್ಲು. ಅದಕ್ಕಂತನ ನಿಮ್ಮನ್ಯಾಗ ಇಟ್ಟೆ. ಕಲತವ್ರ ಮನಿ, ಅಂತ!"

ಈಗ ಉಳಿದಿರುವುದು ಒಂದೇ. ಹೂ ಬಿಡುವತನಕ ಅದನ್ನು ಕಾಪಾಡಬೇಕು. ನೀರು ಸುರಿಯದ ಮನೆ ಹುಡುಕುತ್ತ ಇಬ್ಬರೂ ಕುಂಡ ಹಿಡಿದು ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿದೆವು. ಮೇಲಿನ ಮನೆಯ ತೆಲುಗಿನ ಅಮ್ಮನವರು ಗಿಡ ನೋಡಿದ್ದೇ "ಅಯ್ಯೋ ಪಾಪಂ, ಎಂಡಿಪೋಯಿಂದಿ!" ಎಂದು, ಒಣಗಿಹೋಗಿದೆ ಎಂದುಕೊಂಡು, ನೀರಿನ ಚೊಂಬು ತರಲು ಒಳಗೋಡಿದರು. ನಾವು ಹೊರಗೋಡಿದೆವು. ಎದುರುಮನೆಯ ಬಾಗಿಲಲ್ಲೇ ಹಳೇ ನೀರಿನ ಬಕೆಟ್ಟು ಕಾದು ಕೂತಿತ್ತು.

ನೀರಿಲ್ಲ, ನೀರಿಲ್ಲ ಎಂದು ಟ್ಯಾಂಕರಿನ ಮುಂದೆ ಕೊಡ ಹಿಡಿದು ಕಚ್ಚಾಡುವವರೇ ತುಂಬಿರುವ ಈ ಬಿಲ್ಡಿಂಗಿನಲ್ಲಿ, ಒಂದು ಮರುಭೂಮಿ ಗಿಡ ಬದುಕುವಷ್ಟು ಒಣ ಜಾಗ ಯಾಕೆ ಸಿಗುತ್ತಿಲ್ಲ?